ಕೆಲಸ ಕೊಟ್ಟವರ ಕೈಯಲ್ಲಿ ತಕ್ಕಡಿ

(ಸಾರವಾಡದ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್ (ಸ) ಅವರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ.



ಅಕ್ಟೋಬರ್ ಚಾಟ್ನಿ ಬಂತೆಂದರೆ ಬಬಲೇಶ್ವರ, ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಗ್ಯಾಂಗಿನವರಿಗೆ ಬಿಡುವಿರುವುದಿಲ್ಲ. ಎಕರೆಗೆ ಇಷ್ಟು ಎಂದು ಮಾತಾಡಿಕೊಂಡು ಬರುತ್ತಾರೆ, ಮುಗಿಸಿ ಮುಂದಿನ ತೋಟಕ್ಕೆ ಹೋಗುತ್ತಾರೆ. ವಿಜಯಪುರದಲ್ಲಿ ಅಂಗಡಿ ಇಟ್ಟಿರುವ ನಮ್ಮವರೂ ಹೀಗೆಯೇ ಕೆಲಸ ಮಾಡಿಸುತ್ತಾರೆ. ಜಿಎಸ್‌ಟಿ ಲೆಕ್ಕ ಬರೆಯಲು ಒಬ್ಬರು, ಬ್ಯಾನರ್ ಡಿಸೈನ್ ಮಾಡಲು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡ ಒಬ್ಬ ಹುಡುಗ, ಬಟ್ಟೆ ಹೊಲಿದುಕೊಡಲು ಮನೆಯಲ್ಲಿರುವ ಒಬ್ಬ ಸಹೋದರಿ, ಮಾಲು ಸಾಗಿಸಲು ಸ್ವಂತ ಗಾಡಿಯ ಒಬ್ಬ ಡ್ರೈವರ್. ಇವರಾರೂ ನಮ್ಮ ಪಗಾರದ ಆಳುಗಳಲ್ಲ. ಪೇಟೆಯವರು ಇವರನ್ನು ಫ್ರೀಲಾನ್ಸರ್ ಎನ್ನುತ್ತಾರೆ, ನಾವು ಗುತ್ತಿಗೆ ಕೆಲಸದವರು ಎನ್ನುತ್ತೇವೆ. ಹೆಸರು ಯಾವುದೇ ಇರಲಿ, ಅವರ ಹಕ್ಕು ನಮ್ಮ ಕೈಯಲ್ಲಿರುವ ಅಮಾನತ್.

ನಮ್ಮ ಫಿಕ್ಹ್ ವಿದ್ವಾಂಸರು ಈ ವಿಷಯವನ್ನು ನೂರಾರು ವರ್ಷಗಳ ಹಿಂದೆಯೇ ಬಿಡಿಸಿ ಹೇಳಿದ್ದಾರೆ. ದುಡಿಯುವವರಲ್ಲಿ ಎರಡು ಬಗೆ. ಒಬ್ಬ ‘ಅಜೀರ್ ಖಾಸ್’, ಅಂದರೆ ತನ್ನ ಸಮಯವನ್ನು ಒಬ್ಬರಿಗೇ ಕೊಟ್ಟವನು. ಅವನು ಹೊತ್ತಿಗೆ ಸರಿಯಾಗಿ ಬಂದು ಕೆಲಸಕ್ಕೆ ಸಿದ್ಧನಾಗಿ ನಿಂತರೆ ಸಾಕು. ಮಾಲೀಕನೇ ಕೆಲಸ ಕೊಡದೆ ಕೂರಿಸಿದರೂ ಆ ಹೊತ್ತಿನ ಕೂಲಿ ಅವನದೇ. ಇನ್ನೊಬ್ಬ ‘ಅಜೀರ್ ಮುಷ್ತರಕ್’, ಅಂದರೆ ದರ್ಜಿಯಂತೆ, ಬಣ್ಣ ಹಾಕುವವನಂತೆ ಹತ್ತು ಜನರ ಕೆಲಸ ಹಿಡಿಯುವವನು. ಅವನಿಗೆ ಹಣ ಸಲ್ಲುವುದು ಒಪ್ಪಿದ ಕೆಲಸ ಮುಗಿದಾಗ. ಆದರೆ ಅವನ ಸಮಯ ಅವನದು. ಯಾವಾಗ ಕೂತು ಮಾಡುತ್ತಾನೆ, ಜೊತೆಗೆ ಇನ್ಯಾರ ಕೆಲಸ ಹಿಡಿಯುತ್ತಾನೆ ಎಂದು ಕೇಳುವ ಹಕ್ಕು ನಮಗಿಲ್ಲ.

ತೊಂದರೆ ಶುರುವಾಗುವುದು ಇಲ್ಲಿಯೇ. ದುಡ್ಡು ಕೊಡುವಾಗ ನಾವು ಅವನನ್ನು ಗುತ್ತಿಗೆಯವನು ಎನ್ನುತ್ತೇವೆ: ಹಬ್ಬದ ಖುಷಿ ಇಲ್ಲ, ರಜೆ ಇಲ್ಲ, ಕೆಲಸವಿಲ್ಲದ ದಿನ ಹಣವಿಲ್ಲ. ದುಡಿಸಿಕೊಳ್ಳುವಾಗ ಮಾತ್ರ ಆಳು ಎನ್ನುತ್ತೇವೆ: ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಎತ್ತಬೇಕು, ಬೇರೆಯವರ ಕೆಲಸ ಹಿಡಿಯಬಾರದು, ಕರೆದಾಗ ಬಂದು ನಿಲ್ಲಬೇಕು. ತಾನು ತೆಗೆದುಕೊಳ್ಳುವಾಗ ತುಂಬಿ ಅಳೆದು, ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರ ಬಗ್ಗೆ ಕುರ್‌ಆನಿನ ಮುತಫ್ಫಿಫೀನ್ ಅಧ್ಯಾಯ ಕಠಿಣ ಎಚ್ಚರಿಕೆ ಕೊಟ್ಟಿದೆ. ಆ ಎಚ್ಚರಿಕೆ ಕಿರಾಣಿ ಅಂಗಡಿಯ ತಕ್ಕಡಿಗೆ ಮಾತ್ರ ಎಂದು ತಿಳಿಯಬೇಡಿ. ಮನುಷ್ಯನ ದುಡಿಮೆಯನ್ನು ಅಳೆಯುವ ತಕ್ಕಡಿ ಕೆಲಸ ಕೊಟ್ಟವರ ಕೈಯಲ್ಲಿರುತ್ತದೆ.

ಹಝ್ರತ್ ಮೂಸಾ (ಅ) ಅವರ ವೃತ್ತಾಂತ ನೋಡಿ. ಮದ್ಯನ್ ಊರಿನ ಹಿರಿಯರು ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮುಂಚೆಯೇ ಅವಧಿ ಹೇಳಿದರು. ಎಂಟು ವರ್ಷ ಒಪ್ಪಂದ. ಹತ್ತು ಪೂರ್ತಿ ಮಾಡಿದರೆ ಅದು ಮೂಸಾ ಅವರ ಇಚ್ಛೆ. ತಾನು ಕಷ್ಟ ಕೊಡಲು ಬಯಸುವುದಿಲ್ಲ ಎಂದೂ ಅವರು ತಿಳಿಸಿದರು. ಒಪ್ಪಿದ್ದು ಎಂಟು, ಮೇಲಿನ ಎರಡು ದುಡಿಯುವವನ ಔದಾರ್ಯ. ನಮ್ಮಲ್ಲಿ ಏನಾಗುತ್ತಿದೆ? ಒಂದು ಬ್ಯಾನರಿಗೆ ಒಪ್ಪಿಕೊಂಡ ಹುಡುಗನಿಗೆ “ಇದೊಂದಿಷ್ಟು ಮಾಡಿಕೊಡಪಾ ತಮ್ಮಾ” ಎಂದು ಲಗ್ನಪತ್ರಿಕೆಯನ್ನೂ ವಿಸಿಟಿಂಗ್ ಕಾರ್ಡನ್ನೂ ಮಾಡಿಸುತ್ತೇವೆ. ಮಾಡಿದರೆ ಹಣವಿಲ್ಲ, ಮಾಡದಿದ್ದರೆ ಹುಡುಗನಿಗೆ ಸೊಕ್ಕು ಎನ್ನುತ್ತೇವೆ. ಸಹೋದರರೇ, ಮೇಲಿನ ಕೆಲಸ ಅವನು ಖುಷಿಯಿಂದ ಕೊಟ್ಟರೆ ಉಪಕಾರ. ನಾವೇ ಕೇಳಿ ಮಾಡಿಸಿದರೆ ಅದಕ್ಕೆ ಬೇರೆ ದರ ಮಾತಾಡಬೇಕು.

ಯಾರಿಗೆ ಕೆಲಸ ಕೊಡಬೇಕು? ಶಕ್ತಿಯೂ ಪ್ರಾಮಾಣಿಕತೆಯೂ ಉಳ್ಳವನಿಗೆ ಎಂದು ಅದೇ ವೃತ್ತಾಂತದಲ್ಲಿ ಆ ಹಿರಿಯರ ಮಗಳು ಸಲಹೆ ಕೊಟ್ಟಳು. ಪ್ರವಾದಿಯವರು (ಸ) ಮಕ್ಕಾದಿಂದ ಹಿಜ್ರತ್ ಹೊರಟಾಗ, ದಾರಿ ತೋರಿಸಲು ಅವರೂ ಹಝ್ರತ್ ಅಬೂಬಕ್ಕರ್ (ರ) ಅವರೂ ಕೂಲಿಗೆ ಗೊತ್ತುಮಾಡಿದ ಅಬ್ದುಲ್ಲಾಹ್ ಬಿನ್ ಉರೈಕಿತ್ ಆಗ ಮುಸ್ಲಿಮನಾಗಿರಲಿಲ್ಲ. ಆದರೆ ದಾರಿ ಬಲ್ಲವನು, ನಂಬಿಕಸ್ಥ. ಒಂಟೆಗಳನ್ನು ಅವನ ಕೈಗೊಪ್ಪಿಸಿ, ಮೂರು ರಾತ್ರಿ ಕಳೆದ ಮೇಲೆ ಸೌರ್ ಗುಹೆಯ ಬಳಿ ಬರಬೇಕೆಂದು ನಿಗದಿ ಮಾಡಿದರು. ಅವನು ಮಾತಿನಂತೆ ಬಂದ. ಪ್ರಾಣಕ್ಕೇ ಅಪಾಯವಿದ್ದ ಆ ಹೊತ್ತಿನಲ್ಲೂ ಅವರು ನೋಡಿದ್ದು ಕೆಲಸ ಮತ್ತು ನಂಬಿಕೆ. ಜಾಗ, ಸಮಯ, ಜವಾಬ್ದಾರಿ ಮೂರೂ ಮೊದಲೇ ಸ್ಪಷ್ಟವಾಗಿದ್ದವು.

ಆದ್ದರಿಂದ ಮೊದಲ ಕರ್ತವ್ಯ ಬರೆದಿಡುವುದು. ಸಾಲದ ವ್ಯವಹಾರವನ್ನು ಬರೆದಿಡಲು ಬಕರಾ ಅಧ್ಯಾಯದ 282ನೇ ಆಯತ್ ಆದೇಶಿಸಿದೆ. ಮುಗಿದ ಕೆಲಸದ ಬಾಕಿಯೂ ನಮ್ಮ ಮೇಲಿನ ಸಾಲವೇ. ಸ್ಟಾಂಪ್ ಪೇಪರ್ ಬೇಕಿಲ್ಲ, ಒಂದು ಚೀಟಿ ಅಥವಾ ವಾಟ್ಸಾಪ್ ಸಂದೇಶ ಸಾಕು. ಅದರಲ್ಲಿ ಐದು ಮಾತು ಇರಲಿ: ಕೆಲಸ ಏನು, ದರ ಎಷ್ಟು, ಮುಗಿಯುವ ದಿನ ಯಾವುದು, ಎಷ್ಟು ಸಲ ತಿದ್ದಿಕೊಡಬೇಕು, ಹಣ ಯಾವ ದಿನ. “ನೋಡಿ ಕೊಡ್ತೀವಿ”, “ನಮ್ಮವನೇ, ಏನು ಮಾತಾಡೋದು” ಎಂಬ ಮಾತು ಒಪ್ಪಂದವಲ್ಲ. ಕೂಲಿ ಎಷ್ಟೆಂದು ತಿಳಿಯದ ಒಪ್ಪಂದವೇ ಸರಿಯಲ್ಲವೆಂದು ಫಿಕ್ಹ್ ಹೇಳುತ್ತದೆ. ನೆಂಟನಾದರಂತೂ ಮೊದಲು ಬರೆಯಿರಿ, ನೆಂಟಸ್ತಿಕೆ ಉಳಿಯುತ್ತದೆ.

ಎರಡನೆಯ ಕರ್ತವ್ಯ ಹೇಳಿದ ದಿನ ಕೊಡುವುದು. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿಯವರು (ಸ) ಕಲಿಸಿದರು. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸಿನಲ್ಲಿದೆ. “ನಮಗೇ ಗಿರಾಕಿಯಿಂದ ಬಂದಿಲ್ಲ” ಎಂಬ ಉತ್ತರ ಅಂಗಡಿಯಲ್ಲಿ ನಡೆದೀತು, ಅಲ್ಲಿ ನಡೆಯುವುದಿಲ್ಲ. ಗಿರಾಕಿಯೊಡನೆ ವ್ಯವಹಾರ ನಮ್ಮದು, ಅವನದಲ್ಲ. ದೇಶದ ಕಾನೂನೂ ಸುಮ್ಮನಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮದವರಿಂದ ಕೆಲಸ ಪಡೆದರೆ, ಲಿಖಿತ ಒಪ್ಪಂದ ಇಲ್ಲದಿದ್ದಾಗ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಒಬ್ಬಂಟಿಯಾಗಿ ಕೆಲಸ ಮಾಡುವ ನಮ್ಮ ಯುವಕರು ಈ ನೋಂದಣಿ ಮಾಡಿಸಿಕೊಳ್ಳಲಿ. ಅದಕ್ಕೆ ಶುಲ್ಕವಿಲ್ಲ.

ಇನ್ನೊಂದು ವಿಷಯ. ಕೊಡಬೇಕಾದ ಕೂಲಿಯನ್ನು ತಡೆದಿಟ್ಟು, ರಂಝಾನ್ ಬಂದಾಗ ಅದೇ ಹಣವನ್ನು ಝಕಾತ್ ಎಂದು ಅವರ ಕೈಗೆ ಹಾಕಿದರೆ ಝಕಾತ್ ಆಗುವುದಿಲ್ಲ. ಅದು ಸಾಲ ತೀರಿಸಿದಂತೆ ಅಷ್ಟೇ. ಅವರದ್ದನ್ನು ಅವರಿಗೆ ಕೊಟ್ಟು ದಾನಿ ಅನ್ನಿಸಿಕೊಳ್ಳುವುದು ಬೇಡ. ಕೂಲಿ ಬಿಟ್ಟು ಹೋದವನ ಹಣವನ್ನು ಕೃಷಿಗೆ ಹಾಕಿ, ಅದು ದನಕರುಗಳಾಗಿ ಬೆಳೆದಾಗ ಎಲ್ಲವನ್ನೂ ಅವನಿಗೇ ಒಪ್ಪಿಸಿದ ವ್ಯಕ್ತಿಯ ಕಥೆ ಹದೀಸಿನಲ್ಲಿದೆ. ಗುಹೆಯ ಬಾಯಿಗೆ ಬಂಡೆ ಬಿದ್ದಾಗ ಆ ಒಂದು ಕೆಲಸವನ್ನು ಮುಂದಿಟ್ಟು ಅವನು ದುಆ ಮಾಡಿದ.

ದುಡಿಯುವ ಸಹೋದರರಿಗೂ ಒಂದು ಮಾತು. ಮುಂಗಡ ಹಿಡಿದು ಫೋನ್ ಎತ್ತದಿರುವುದು, ಒಂದೇ ದಿನವನ್ನು ಮೂವರಿಗೆ ಮಾತು ಕೊಡುವುದು, ಚಾಟ್ನಿಯ ಅರ್ಧಕ್ಕೆ ಹೆಚ್ಚು ದರದ ತೋಟಕ್ಕೆ ಹೋಗುವುದು, ಇವೂ ಅದೇ ತಕ್ಕಡಿಯ ಮೋಸ. ಚಾಟ್ನಿಯ ವೇಳೆ ತಪ್ಪಿದರೆ ರೈತನಿಗೆ ಇಡೀ ವರ್ಷದ ಫಸಲು ಹೋಗಬಹುದು. ಒಪ್ಪಿಕೊಂಡ ಮೇಲೆ ಮಾತು ಪೂರೈಸುವುದು ಎರಡೂ ಕಡೆಯವರ ಮೇಲೆ ಕಡ್ಡಾಯ.

ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದರೆ ಅಲ್ಲಿನ ಶಾಸನ ಓದಿಸಿ ಕೇಳಿ. ಕಟ್ಟಿಸಿದ ಮಲಿಕ್ ಸಂದಲ್ ಅವರ ಹೆಸರೂ ಆದ ಖರ್ಚಿನ ಲೆಕ್ಕವೂ ಕಲ್ಲಿನಲ್ಲಿ ಉಳಿದಿವೆ. ನಮಗೆ ಕಲ್ಲು ಬೇಡ, ಕಾಗದ ಸಾಕು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರೆ. ಕೆಸರಾದ ಕೈಯವನ ಬಾಯಿಗೆ ಮೊಸರು ಮುಟ್ಟಿಸುವುದು ಕೆಲಸ ಕೊಟ್ಟವನ ಹೊಣೆ. ಇಂದು ಅಂಗಡಿಗೆ, ತೋಟಕ್ಕೆ ಮರಳಿದ ಮೇಲೆ ನಮ್ಮ ಲೆಕ್ಕದ ಪುಸ್ತಕ ತೆಗೆಯೋಣ. ಯಾರದಾದರೂ ಬಾಕಿ ಇದ್ದರೆ, ಅವರು ಕೇಳುವ ಮೊದಲೇ ನಾವು ಫೋನ್ ಮಾಡೋಣ.

ಅಲ್ಲಾಹನು ನಮ್ಮ ಗಳಿಕೆಯನ್ನು ಹಲಾಲ್ ಆಗಿಸಲಿ, ಅದರಲ್ಲಿ ಬರಕತ್ ಕೊಡಲಿ, ಯಾರ ಹಕ್ಕನ್ನೂ ಹೊತ್ತುಕೊಂಡು ಅವನ ಮುಂದೆ ನಿಲ್ಲದಂತೆ ನಮ್ಮನ್ನು ಕಾಪಾಡಲಿ. ಆಮೀನ್.