ವಿಜ್ಞಾನಿಯನ್ನು ತೂಗುವ ತಕ್ಕಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಆಡು ಎಂದು ಸಮಿತಿಯ ಹಿರಿಯರು ಹೇಳಿದ್ದರು. ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ, ಬೇಜಾರು ಮಾಡಿಕೊಳ್ಳಬಾರದು. ಈಗ ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ: ಇಂಥ ಕಾಲೇಜಿನ ಇಂಥ ಪ್ರಾಧ್ಯಾಪಕರು ವಿಶ್ವದ ಶೇ. 2ರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ಸೇರಿದ್ದಾರೆ ಎಂದು. ತಿಪಟೂರಿನ ಸರ್ಕಲ್‌ನಲ್ಲೂ ಫ್ಲೆಕ್ಸ್ ಕಟ್ಟಿದ್ದನ್ನು ನೋಡಿದ್ದೇನೆ. ಸಂತೋಷವೇ. ಆದರೆ ಎಣಿಸಿದವರು ಯಾರು, ಏನನ್ನು ಎಣಿಸಿದರು, ಹೇಗೆ ಎಣಿಸಿದರು ಎಂದು ಕೇಳುವವರು ಕಡಿಮೆ. ಎಣಿಸುವುದು ನನ್ನ ಕಸುಬು. ಅದಕ್ಕೇ ಈ ವಿಷಯ.

ವಿಜ್ಞಾನಿ ತಾನು ಕಂಡುಕೊಂಡದ್ದನ್ನು ಪ್ರಬಂಧವಾಗಿ ಬರೆದು ಜರ್ನಲ್‌ಗೆ ಕಳಿಸುತ್ತಾನೆ. ಅದನ್ನು ಓದಿ ಮುಂದಿನ ಕೆಲಸ ಮಾಡಿದವನು, ಇಂಥವರ ಇಂಥ ಪ್ರಬಂಧದಿಂದ ಈ ವಿಷಯ ತೆಗೆದುಕೊಂಡೆ ಎಂದು ತನ್ನ ಪ್ರಬಂಧದ ಕೊನೆಯಲ್ಲಿ ಹೆಸರು ಬರೆಯುತ್ತಾನೆ. ಇದೇ ಉಲ್ಲೇಖ, ಅಂದರೆ ಸೈಟೇಷನ್. ನಮ್ಮ ಕಡೆಯ ಮದುವೆಗಳಲ್ಲಿ ಮುಯ್ಯಿ ಪುಸ್ತಕ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಯಾರು ಯಾರಿಗೆ ಎಷ್ಟು ಋಣಿ ಎಂಬ ಲೆಕ್ಕ ಅದರಲ್ಲಿರುತ್ತದೆ.

ಈ ಮುಯ್ಯಿ ಪುಸ್ತಕವನ್ನು ಇಡೀ ವಿಜ್ಞಾನಕ್ಕೆ ಬರೆಯಬಹುದು ಎಂದು ಹೊರಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಅವರೂ ಮೂಲತಃ ರಸಾಯನಶಾಸ್ತ್ರ ಓದಿದವರು. 1955ರಲ್ಲಿ ಈ ಆಲೋಚನೆಯನ್ನು ಪ್ರಕಟಿಸಿದರು, 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಎಂಬ ಸೂಚಿ ಹೊರತಂದರು. ಅವರಿಗೆ ದಾರಿ ತೋರಿಸಿದ್ದು ವಕೀಲರ ಪುಸ್ತಕ! ಹಳೆಯ ತೀರ್ಪನ್ನು ಮುಂದೆ ಯಾವ ಯಾವ ತೀರ್ಪಿನಲ್ಲಿ ಎತ್ತಿ ಹೇಳಿದ್ದಾರೆ ಎಂಬ ಪಟ್ಟಿ ಅಮೆರಿಕದ ವಕೀಲರ ಬಳಿ 1873ರಿಂದಲೇ ಇತ್ತು. ನನ್ನ ಕಸುಬಿನವರೂ ಇಲ್ಲಿಂದಲೇ ಕಲಿತರು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಗೂಗಲ್ ಕಟ್ಟಿದಾಗ, ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ಕೊಟ್ಟಿವೆ, ಆ ಕೊಟ್ಟ ಪುಟಗಳ ಯೋಗ್ಯತೆ ಏನು ಎಂದು ನೋಡಿ ಸಾಲು ಹಚ್ಚಿದ್ದು ಇದೇ ಉಲ್ಲೇಖದ ತತ್ವದ ಮೇಲೆ. ನೀವು ಕೊಬ್ಬರಿ ರೇಟು ಹುಡುಕಿದಾಗ ಮೊದಲು ಯಾವ ಪುಟ ಬರಬೇಕು ಎಂಬುದರ ಬೇರು ಅಲ್ಲಿದೆ.

ಈಗ ಎಲ್ಲರ ಬಾಯಲ್ಲಿರುವ ಎಚ್-ಇಂಡೆಕ್ಸ್‌ಗೆ ಬರೋಣ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಲೆಕ್ಕ ಇದು. ತೋಟದಲ್ಲಿ ನಿಂತು ಹೇಳುತ್ತೇನೆ. ಪ್ರಬಂಧ ಅಂದರೆ ಮರ, ಉಲ್ಲೇಖ ಅಂದರೆ ಕಾಯಿ ಅಂದುಕೊಳ್ಳಿ. ಒಬ್ಬರ ತೋಟದಲ್ಲಿ ಆರು ಮರ. ಹೆಚ್ಚು ಬಿಟ್ಟ ಮರದಿಂದ ಕಡಿಮೆ ಬಿಟ್ಟ ಮರದ ತನಕ ಎಣಿಸಿದರೆ 90, 40, 6, 4, 2, 1 ಕಾಯಿ. ನಾಲ್ಕು ಮರಗಳಲ್ಲಿ ತಲಾ ನಾಲ್ಕಕ್ಕೆ ಕಡಿಮೆ ಇಲ್ಲ. ಐದು ಮರಗಳಲ್ಲಿ ತಲಾ ಐದು ಇದೆಯೇ ಎಂದರೆ ಇಲ್ಲ. ಆದ್ದರಿಂದ ಈ ತೋಟದ ಎಚ್-ಇಂಡೆಕ್ಸ್ 4. ಅಷ್ಟೇ. ಹತ್ತು ಸಾಲಿನ ಪ್ರೋಗ್ರಾಂ ಸಾಕು.

ಗಮನಿಸಿ, ಮೊದಲ ಮರದಲ್ಲಿ 90ರ ಬದಲು 900 ಕಾಯಿ ಬಿಟ್ಟಿದ್ದರೂ ಉತ್ತರ 4ಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಆರೇ ಮರ ಇರುವವನು ಕಲ್ಪವೃಕ್ಷವನ್ನೇ ಬೆಳೆಸಿದರೂ 6 ದಾಟುವುದಿಲ್ಲ. ಇನ್ನೊಂದು ಮಾತು. ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ವಿಜ್ಞಾನಿ ಕೆಲಸ ಬಿಟ್ಟು ಮನೆಯಲ್ಲಿ ಕೂತರೂ ಹಳೆಯ ಮರಗಳು ಕಾಯಿ ಬಿಡುತ್ತಲೇ ಇರುತ್ತವೆ.

ಈ ಲೆಕ್ಕ ನಮ್ಮ ರಾಜ್ಯದಲ್ಲಿ ಸುದ್ದಿಯಾದದ್ದು ಪ್ರೊ. ಸಿ. ಎನ್. ಆರ್. ರಾವ್ ಅವರಿಂದ. 2013ರಲ್ಲಿ ಅವರ ಎಚ್-ಇಂಡೆಕ್ಸ್ 100 ಮುಟ್ಟಿತು. ಭಾರತದಲ್ಲೇ ಇದ್ದು ಕೆಲಸ ಮಾಡಿ ಆ ಸಂಖ್ಯೆ ತಲುಪಿದ ಮೊದಲಿಗರು ಎಂದು ಪತ್ರಿಕೆಗಳು ಬರೆದವು. ನೂರು ಮರ, ಒಂದೊಂದರಲ್ಲೂ ನೂರಕ್ಕೆ ಕಡಿಮೆ ಇಲ್ಲದ ಕಾಯಿ. ಅಂಥ ತೋಟ ಎಂಥದ್ದು ಎಂದು ನಿಮಗೆ ಹೇಳಬೇಕಾಗಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಭಾರತರತ್ನ ಘೋಷಣೆಯಾಯಿತು. ಆಗಲೇ ಅವರ ಹೆಸರಿನಲ್ಲಿ 1,400ಕ್ಕೂ ಹೆಚ್ಚು ಪ್ರಬಂಧಗಳಿದ್ದವು. ಕೂತಿರುವ ಮಕ್ಕಳಿಗೆ ಒಂದು ಮಾತು: ಅವರು ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು.

ಆದರೆ 100 ಎಂಬ ಸಂಖ್ಯೆಯಿಂದ ರಾವ್ ಅವರು ಏನು ಮಾಡಿದರು ಎಂದು ಗೊತ್ತಾಗುವುದಿಲ್ಲ. ಲೋಹದ ಆಕ್ಸೈಡ್‌ಗಳತ್ತ ಹೆಚ್ಚು ಜನ ತಿರುಗಿಯೂ ನೋಡದ ಕಾಲದಲ್ಲಿ ಅವರು ಅದನ್ನೇ ಹಿಡಿದು ಕೂತರು. ಲ್ಯಾಂಥನಂ ಮತ್ತು ತಾಮ್ರ ಸೇರಿದ ಆಕ್ಸೈಡನ್ನು ಅವರ ತಂಡ ಮೊದಲೇ ಅಭ್ಯಾಸ ಮಾಡಿತ್ತು. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಅದೇ ಬಳಗದ ವಸ್ತುವಿನಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುವ ಗುಣ ಕಂಡು, ಮರುವರ್ಷವೇ ನೊಬೆಲ್ ಪಡೆದರು. ಹತ್ತಿರದ ತೋಟ, ಬೇರೆ ಕೊಯ್ಲು. ಇಂಥದ್ದನ್ನು ಯಾವ ಇಂಡೆಕ್ಸ್ ತೂಗುತ್ತದೆ? 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ ಅಲ್ಲಿ, ಘನವಸ್ತು ರಸಾಯನಶಾಸ್ತ್ರಕ್ಕೆ ಒಂದು ವಿಭಾಗ ಕಟ್ಟಿದರು. 1984ರಿಂದ 1994ರ ತನಕ ಸಂಸ್ಥೆಯ ನಿರ್ದೇಶಕರಾಗಿದ್ದರು. 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ಸ್ಥಾಪಿಸಿದರು. ಅಲ್ಲಿ ಬೇರೆಯವರು ಬರೆದ ಪ್ರಬಂಧಗಳು ರಾವ್ ಅವರ ಖಾತೆಗೆ ಜಮೆಯಾಗುವುದಿಲ್ಲ. ಕೆರೆ ಕಟ್ಟಿಸಿದವನ ಲೆಕ್ಕಕ್ಕೆ ಊರಿನ ಗದ್ದೆ ಬರುವುದಿಲ್ಲವಲ್ಲ, ಹಾಗೆ.

ಇನ್ನೊಂದು ಮುಖವನ್ನೂ ಹೇಳಬೇಕು. 2011ರಲ್ಲಿ, ಅವರ ಹೆಸರೂ ಇದ್ದ ಒಂದು ಪ್ರಬಂಧದಲ್ಲಿ ಬೇರೆಯವರ ಕೆಲವು ವಾಕ್ಯಗಳು ಹಾಗೇ ಸೇರಿವೆ ಎಂದು ಗೊತ್ತಾಗಿ, ಲೇಖಕರು ಅದೇ ಜರ್ನಲ್‌ನಲ್ಲಿ ಕ್ಷಮೆ ಕೇಳಿದರು. ಒಬ್ಬರ ಹೆಸರಿನಲ್ಲಿ ಸಾವಿರಕ್ಕೂ ಮೀರಿ ಪ್ರಬಂಧ ಬರುವಾಗ ಎಲ್ಲ ವಾಕ್ಯಗಳ ಮೇಲೂ ಒಬ್ಬರ ಕಣ್ಣು ಇರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಆಗ ಎದ್ದಿತು. ನ್ಯಾಯವಾದ ಪ್ರಶ್ನೆಯೇ. ಅದರಿಂದ ಅವರ ಕೆಲಸ ಸಣ್ಣದಾಯಿತು ಎಂದು ನಾನು ಹೇಳುವುದಿಲ್ಲ.

ಸಂಖ್ಯೆ ಪೂರಾ ಸೋಲುವ ಒಂದು ಉದಾಹರಣೆ ನನಗೆ ಬಹಳ ಇಷ್ಟ, ಯಾಕೆಂದರೆ ಅವರೂ ನನ್ನ ಹಾಗೆ ಬರೀ ಎಂಜಿನಿಯರಿಂಗ್ ಪದವೀಧರರು. ಜಪಾನಿನ ಕೊಯಿಚಿ ತನಾಕಾ. ಓದಿದ್ದು ಎಲೆಕ್ಟ್ರಿಕಲ್, ಪಿಎಚ್‌ಡಿ ಇಲ್ಲ, ಶಿಮಾಜು ಎಂಬ ಉಪಕರಣ ಕಂಪನಿಯಲ್ಲಿ ನೌಕರಿ. 1985ರಲ್ಲಿ ಒಂದು ಪ್ರಯೋಗಕ್ಕೆ ಅಕಸ್ಮಾತ್ತಾಗಿ ಗ್ಲಿಸರಿನ್ ಬೆರೆಸಿಬಿಟ್ಟರು. ಚೆಲ್ಲಿದರೆ ದಂಡವಾಗುತ್ತದಲ್ಲ ಎಂದು ಅದನ್ನೇ ಪರೀಕ್ಷಿಸಿದರು. ದೊಡ್ಡ ದೊಡ್ಡ ಪ್ರೋಟೀನ್ ಅಣುಗಳನ್ನು ಒಡೆಯದೆ ತೂಗುವ ದಾರಿ ಸಿಕ್ಕಿತು! 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಅವರಿಗೆ 43 ವರ್ಷ, ಬರೆದ ಪ್ರಬಂಧಗಳು ಕೆಲವೇ. ಅದೇ ದಾರಿಯಲ್ಲಿ ದುಡಿದ ಜರ್ಮನಿಯ ಹಿಲೆನ್‌ಕಾಂಪ್ ಮತ್ತು ಕಾರಾಸ್ ಅವರ ಹೆಸರನ್ನು ಪ್ರಬಂಧಗಳು ಹೆಚ್ಚು ಉಲ್ಲೇಖಿಸುತ್ತಿದ್ದವು, ಅವರ ವಿಧಾನವೇ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿತ್ತು. ನೊಬೆಲ್ ಸಮಿತಿ ಸರಿಯೋ ತಪ್ಪೋ ಎಂದು ಈಗಲೂ ವಾದ ಮಾಡುವವರಿದ್ದಾರೆ. ನನಗಂತೂ ಎರಡೂ ಕಡೆ ನ್ಯಾಯ ಕಾಣುತ್ತದೆ.

ತದ್ವಿರುದ್ಧವೂ ಉಂಟು. ಪ್ರಪಂಚದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ, ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆಯುವ ವಿಧಾನದ್ದು. ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದದ್ದು, ಮೂರು ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖವಾಗಿದೆ. ಅದು ಅಂಥ ದೊಡ್ಡ ಪ್ರಬಂಧವೇನಲ್ಲ ಎಂದು ಲೌರಿಯವರೇ ಹೇಳುತ್ತಿದ್ದರು. ಊರಿಗೆಲ್ಲ ಬೇಕಾದ ಏಣಿ ಯಾರ ಮನೆಯಲ್ಲಿದೆಯೋ ಅವರ ಹೆಸರು ದಿನಾ ಕೇಳಿಬರುತ್ತದೆ.

ಉಲ್ಲೇಖವೇ ಇಲ್ಲದ ರಸಾಯನಶಾಸ್ತ್ರ ಬೇಕೆ? ನಿಮ್ಮ ಎಡಗೈ ತೋರುಬೆರಳು ನೋಡಿಕೊಳ್ಳಿ. ನಮ್ಮ ಶಾಲೆಯ ಕೊಠಡಿಗಳಲ್ಲೇ ಮತಗಟ್ಟೆ ಆಗುತ್ತದೆ. ಅಲ್ಲಿ ಹಚ್ಚುವ ಅಳಿಸಲಾಗದ ಶಾಯಿಯ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ತಯಾರಾಗುವುದು ಮೈಸೂರಿನಲ್ಲಿ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಲ್ಲಿ. 1962ರ ಮಹಾ ಚುನಾವಣೆಯಿಂದ ಕೋಟಿ ಕೋಟಿ ಬೆರಳುಗಳಿಗೆ ಹತ್ತಿದೆ. ಸೂತ್ರ ಗುಟ್ಟು, ಹಾಗಾಗಿ ಜರ್ನಲ್‌ಗೆ ಹೋಗುವಂತಿಲ್ಲ. ಮೈಸೂರಿನದೇ ಸಿಎಫ್‌ಟಿಆರ್‌ಐನಲ್ಲಿ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದರು, ಅದರಿಂದ ಅಮುಲ್‌ನ ಡಬ್ಬ ಬಂತು. ಆ ಡಬ್ಬದ ಪುಡಿ ಕುಡಿದು ಬೆಳೆದ ಮಕ್ಕಳು ಯಾರನ್ನೂ ಉಲ್ಲೇಖಿಸಲಿಲ್ಲ.

ಇದೆಲ್ಲ ವಿಜ್ಞಾನಿಗಳ ಮನೆಯ ವಿಷಯ, ನಮಗೇನು ಎಂದು ಕೇಳಬಹುದು. ನಮಗೂ ಇದೆ. ಸಂಖ್ಯೆ ನೋಡಿ ಬಡ್ತಿ, ಸಂಖ್ಯೆ ನೋಡಿ ಅನುದಾನ, ಸಂಖ್ಯೆ ನೋಡಿ ಕಾಲೇಜಿಗೆ ರ‍್ಯಾಂಕು ಎಂದಾದ ಮೇಲೆ ಸಂಖ್ಯೆಯನ್ನೇ ಬೆಳೆಯುವವರು ಹುಟ್ಟಿಕೊಂಡರು. ತನ್ನ ಮದುವೆಗೆ ತಾನೇ ಮುಯ್ಯಿ ಬರೆಸಿದ ಹಾಗೆ ತನ್ನ ಪ್ರಬಂಧವನ್ನು ತಾನೇ ಉಲ್ಲೇಖಿಸುವುದು. ನಾಲ್ಕು ಜನ ಸೇರಿ ನೀನು ನನಗೆ ಹಾಕು, ನಾನು ನಿನಗೆ ಹಾಕುತ್ತೇನೆ ಎಂಬ ಚೀಟಿ ವ್ಯವಹಾರ. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್. 2018ರಲ್ಲಿ ಯುಜಿಸಿ ತಾನೇ ಮಾನ್ಯ ಮಾಡಿದ್ದ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು. ಪಿಎಚ್‌ಡಿಗೆ ಪ್ರಬಂಧ ಪ್ರಕಟಿಸಲೇಬೇಕು ಎಂಬ ನಿಯಮವನ್ನು 2022ರಲ್ಲಿ ಕೈಬಿಟ್ಟಿತು. ನನಗೆ ಗೊತ್ತಿರುವ ಒಬ್ಬ ಹುಡುಗ, ರೈತರ ಮನೆಯವನು, ಇಂಥ ಒಂದು ಜರ್ನಲ್‌ಗೆ ಅಪ್ಪ ಕೊಬ್ಬರಿ ಮಾರಿದ ದುಡ್ಡಿನಿಂದ ಫೀಸು ಕಟ್ಟಿದ. ಮೂರೇ ದಿನಕ್ಕೆ ಪ್ರಕಟವಾಯಿತು. ಕಾಯಿ ಅಟ್ಟಕ್ಕೆ ಹಾಕಿ, ನೀರು ಇಂಗಿ ಗಿಟುಕು ಗಡಗಡ ಅನ್ನಲು ವರ್ಷವೇ ಹಿಡಿಯುತ್ತದೆ, ಈ ದುಡ್ಡು ಹೋಗಲು ಮೂರು ದಿನ ಸಾಕಾಯಿತು ಎಂದು ಅವರಪ್ಪ ನನ್ನೆದುರಿಗೇ ಅಂದರು. ಹುಡುಗ ತಲೆ ಎತ್ತಲಿಲ್ಲ.

ಫ್ಲೆಕ್ಸ್‌ನ ಪಟ್ಟಿಯ ಬಗ್ಗೆಯೂ ಒಂದು ಮಾತು. ಅದನ್ನು ಸ್ಟ್ಯಾನ್‌ಫರ್ಡ್‌ನ ಜಾನ್ ಐಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಎಂಬ ದತ್ತಾಂಶದಿಂದ ಮಾಡುತ್ತಾರೆ. ಪಾಪ, ಎಚ್ಚರಿಕೆಯಿಂದಲೇ ಮಾಡುತ್ತಾರೆ. ತನ್ನನ್ನು ತಾನೇ ಉಲ್ಲೇಖಿಸಿಕೊಂಡದ್ದನ್ನು ಕಳೆದೂ ತೋರಿಸುತ್ತಾರೆ. ಪಟ್ಟಿ ಎರಡು ಇವೆ: ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಫ್ಲೆಕ್ಸ್‌ನಲ್ಲಿ ಯಾವುದು ಎಂದು ಬರೆದಿರುವುದಿಲ್ಲ. ಇನ್ನು ಗಣಿತದವರಿಗೂ ರಸಾಯನಶಾಸ್ತ್ರದವರಿಗೂ ಎಚ್-ಇಂಡೆಕ್ಸ್ ಹೋಲಿಸುವುದು, ನಾಲೆ ನೀರಿನ ತೋಟಕ್ಕೂ ಬೋರ್‌ವೆಲ್ ನಂಬಿದ ತೋಟಕ್ಕೂ ಕಾಯಿ ಲೆಕ್ಕ ಹೋಲಿಸಿದ ಹಾಗೆ. ಗಣಿತದಲ್ಲಿ ಪ್ರಬಂಧ ಕಡಿಮೆ, ಉಲ್ಲೇಖ ಇನ್ನೂ ಕಡಿಮೆ.

ಹಾಗಂತ ತಕ್ಕಡಿಯನ್ನೇ ಬಿಸಾಡಿ ಎನ್ನುವವನಲ್ಲ ನಾನು. ತಕ್ಕಡಿ ಇಲ್ಲದಿದ್ದರೆ ವಶೀಲಿ ತೂಗುತ್ತದೆ. ಹೆಸರಿಲ್ಲದ ಊರಿನಿಂದ, ಶಿಫಾರಸಿಲ್ಲದೆ ಬಂದ ಹುಡುಗಿಯ ಕೈಯಲ್ಲಿ ಇರುವುದು ಆ ಸಂಖ್ಯೆಯೊಂದೇ. ಆದರೆ ನಮ್ಮ ಎಪಿಎಂಸಿಯಲ್ಲಿ ಖರೀದಿದಾರ ಏನು ಮಾಡುತ್ತಾನೆ ನೋಡಿ. ತೂಕಕ್ಕೆ ಹಾಕುವ ಮೊದಲು ಕೈಯಲ್ಲಿ ಹಿಡಿದು ನೋಡುತ್ತಾನೆ, ಬಣ್ಣ ನೋಡುತ್ತಾನೆ, ಒಂದೆರಡು ಉಂಡೆ ಒಡೆದು ಒಳಗೆ ಬೂಷ್ಟು ಇದೆಯೇ ನೋಡುತ್ತಾನೆ. ಪ್ರಬಂಧವನ್ನು ಒಡೆದು ನೋಡುವುದು ಅಂದರೆ ಓದುವುದು. ಆಯ್ಕೆ ಸಮಿತಿಗಳು ಓದಬೇಕು, ಜರ್ನಲ್ ಹೆಸರು ನೋಡಿ ಮಣೆ ಹಾಕಬಾರದು ಎಂದು ವಿಜ್ಞಾನಿಗಳೇ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿ ಒಂದು ಘೋಷಣೆ ಬರೆದರು. ಓದಲು ಸಮಯ ಬೇಕು, ಎಣಿಸಲು ಬೇಡ. ತೊಡಕು ಅಲ್ಲಿದೆ.

ಹೋದ ವರ್ಷ ನಮ್ಮ ಶಾಲೆಯಲ್ಲೇ ಓದಿ ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. "ಅಣ್ಣಾ, ಇಬ್ಬರು ಗೈಡ್ ಒಪ್ಪಿದ್ದಾರೆ. ಒಬ್ಬರ ಎಚ್-ಇಂಡೆಕ್ಸ್ 38, ಇನ್ನೊಬ್ಬರದು 14. ಯಾರ ಹತ್ತಿರ ಸೇರಲಿ?" ಐದು ವರ್ಷದ ಬಾಳಿನ ಪ್ರಶ್ನೆ. ನಾನು ಹೇಳಿದೆ: "ಎರಡೂ ಲ್ಯಾಬಿಗೆ ಒಂದೊಂದು ದಿನ ಹೋಗಿ ಕೂತು ಬಾರಮ್ಮ. ಅಲ್ಲಿರುವ ಹುಡುಗರನ್ನು ಕೇಳು, ಎಷ್ಟು ಜನ ಸೇರಿ ಎಷ್ಟು ಜನ ಮುಗಿಸಿದರು, ಎಷ್ಟು ವರ್ಷ ಹಿಡಿಯಿತು, ಮಧ್ಯದಲ್ಲಿ ಬಿಟ್ಟವರು ಯಾಕೆ ಬಿಟ್ಟರು, ನೀನು ಬರೆದದ್ದನ್ನು ಗೈಡ್ ಸ್ವತಃ ಓದಿ ತಿದ್ದುತ್ತಾರೋ, ಫೆಲೋಶಿಪ್ ತಡವಾದಾಗ ಯಾರು ವಿಚಾರಿಸಿಕೊಳ್ಳುತ್ತಾರೆ." ಹೋಗಿ ಬಂದಳು. 14ರವರ ಹತ್ತಿರ ಸೇರಿದ್ದಾಳೆ. ಆ ಮೇಡಂ ಸಂಜೆ ಹುಡುಗರ ಜೊತೆ ಬೆಂಚಿನ ಹತ್ತಿರವೇ ನಿಂತಿರುತ್ತಾರಂತೆ. ಮುಂದೆ ಹೇಗೋ ನೋಡಬೇಕು, ಇನ್ನೂ ಮೊದಲ ವರ್ಷ.

ಹೊತ್ತಾಯಿತು, ಊಟದ ವಾಸನೆಯೂ ಬರುತ್ತಿದೆ. ಮಕ್ಕಳೇ, ಶಾಯಿಯ ಗುಟ್ಟು ಎಂದೆನಲ್ಲ, ಅರ್ಧ ಗುಟ್ಟು ನಿಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದರೆ ಕಪ್ಪಾಗುತ್ತದೆ. ನಮ್ಮ ಬ್ಯಾಚಿನವರು ಪ್ರಯೋಗಾಲಯಕ್ಕೆ ಕೊಟ್ಟ ಸಾಮಾನಿನಲ್ಲಿ ಅದರ ಒಂದು ಬಾಟಲಿ ಇದೆ. ವಿಜ್ಞಾನದ ಮೇಡಂ ಕೈಗೆ ಈಗಲೇ ಕೊಡುತ್ತೇನೆ. ಪ್ರನಾಳದಲ್ಲಿ ಒಂದು ಚಿಟಿಕೆ ಅಡುಗೆ ಉಪ್ಪಿನ ನೀರಿಗೆ ನಾಲ್ಕು ಹನಿ ಹಾಕಿ, ಮೊಸರಿನ ಹಾಗೆ ಬೆಳ್ಳಗಾಗುತ್ತದೆ. ಅಂಗಳದ ಬಿಸಿಲಿಗೆ ಇಟ್ಟು ಊಟ ಮುಗಿಸಿ ಬಂದು ನೋಡಿ. ಕೈಗೆ ತಾಗಿಸಿಕೊಳ್ಳಬೇಡಿ, ವಾರಗಟ್ಟಲೆ ಹೋಗುವುದಿಲ್ಲ.