ಬ್ರೇನ್‌ಟ್ರೀಯಿಂದ ಬಂದ ಪತ್ರ

1776ರ ಮಾರ್ಚ್ 31ರಂದು ಅಬಿಗೇಲ್ ಆಡಮ್ಸ್ ತಮ್ಮ ಪತಿ ಜಾನ್ ಆಡಮ್ಸ್ ಅವರಿಗೆ ಬರೆದ ಪತ್ರವನ್ನು ಅಮೆರಿಕದ ಜನ ಇಂದಿಗೂ ಓದುತ್ತಾರೆ. ಅಮೆರಿಕ ಆಗ ಸ್ವತಂತ್ರ ದೇಶವಾಗಿರಲಿಲ್ಲ. ಹದಿಮೂರು ವಸಾಹತುಗಳು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಯುದ್ಧಕ್ಕಿಳಿದು ವರ್ಷ ತುಂಬುತ್ತ ಬಂದಿತ್ತು. ವಕೀಲರಾಗಿದ್ದ ಜಾನ್, ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಕೆಲಸಕ್ಕೆಂದು ಫಿಲಡೆಲ್ಫಿಯಾದಲ್ಲಿ ಉಳಿದಿದ್ದರು. ಸುಮಾರು ಮುನ್ನೂರು ಮೈಲಿ ದೂರದಲ್ಲಿ, ಬಾಸ್ಟನ್ ಬಳಿಯ ಬ್ರೇನ್‌ಟ್ರೀಯಲ್ಲಿ, ನಾಲ್ವರು ಮಕ್ಕಳನ್ನೂ ಹೊಲಮನೆಯನ್ನೂ ಅಬಿಗೇಲ್ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಪತ್ರ ಬರೆಯುವುದರಲ್ಲೂ ಅಪಾಯವಿತ್ತು. ಹಿಂದಿನ ವರ್ಷ ಜಾನ್ ಬರೆದ ಪತ್ರಗಳು ಬ್ರಿಟಿಷರ ಕೈಗೆ ಸಿಕ್ಕಿ ಪತ್ರಿಕೆಯಲ್ಲಿ ಅಚ್ಚಾಗಿದ್ದವು.

ಅಬಿಗೇಲ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪಾದ್ರಿಯಾಗಿದ್ದ ತಂದೆಯ ಮನೆಯಲ್ಲಿದ್ದ ಪುಸ್ತಕಗಳನ್ನು ಓದಿಯೇ ಬೆಳೆದವರು. ಯುದ್ಧವಂತೂ ಅವರ ಮನೆಬಾಗಿಲಿಗೇ ಬಂದಿತ್ತು. 1775ರ ಜೂನ್ 17ರಂದು ಬಂಕರ್ ಹಿಲ್ ಕಾಳಗ ನಡೆದಾಗ, ಏಳು ವರ್ಷದ ಮಗ ಜಾನ್ ಕ್ವಿನ್ಸಿಯನ್ನು ಕರೆದುಕೊಂಡು ಮನೆಯ ಹತ್ತಿರದ ಗುಡ್ಡ ಹತ್ತಿ, ದೂರದ ಊರು ಉರಿಯುವುದನ್ನು ಕಂಡಿದ್ದರು. ಅವರ ಕುಟುಂಬದ ವೈದ್ಯರೂ ಗೆಳೆಯರೂ ಆಗಿದ್ದ ಜೋಸೆಫ್ ವಾರನ್ ಅಂದು ಹತರಾದರು. ಆ ವರ್ಷವೇ ಆಮಶಂಕೆಯ ಪಿಡುಗು ಹರಡಿ ಅಕ್ಟೋಬರಿನಲ್ಲಿ ಅಬಿಗೇಲರ ತಾಯಿ ತೀರಿಕೊಂಡರು. ಕೊನೆಗೆ 1776ರ ಮಾರ್ಚ್ 17ರಂದು ಬ್ರಿಟಿಷ್ ಸೇನೆ ಬಾಸ್ಟನ್ ತೊರೆದು ಹಡಗು ಹತ್ತಿತು. ಪತ್ರ ಬರೆದದ್ದು ಅದಾಗಿ ಎರಡು ವಾರಕ್ಕೆ.

ಪತ್ರ ಶುರುವಾಗುವುದು ಒಂದು ದೂರಿನಿಂದ: ತಾನು ಬರೆಯುವುದರ ಅರ್ಧದಷ್ಟಾದರೂ ಉದ್ದವಾಗಿ ಪತಿ ಬರೆಯಬಾರದೇ ಎಂದು. ಮುಂದೆ ವರ್ಜೀನಿಯಾದ ಮಾತು ಬರುತ್ತದೆ. ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಂಡವರ ಎದೆಯಲ್ಲಿ ಸ್ವಾತಂತ್ರ್ಯದ ಹಂಬಲ ಅಷ್ಟೇ ಗಾಢವಾಗಿರಲು ಸಾಧ್ಯವೇ ಎಂದು ಅಬಿಗೇಲ್ ಶಂಕಿಸುತ್ತಾರೆ. ಬಾಸ್ಟನ್‌ನಲ್ಲಿರುವ ತಮ್ಮ ಮನೆಯಲ್ಲಿ ಶತ್ರುಸೇನೆಯ ವೈದ್ಯರೊಬ್ಬರು ತಂಗಿದ್ದರು, ಮನೆ ಕೊಳೆಯಾಗಿದೆ, ಹೆಚ್ಚು ಹಾಳಾಗಿಲ್ಲ ಎಂದು ವರದಿ ಒಪ್ಪಿಸುತ್ತಾರೆ. ಬಿತ್ತಿದ್ದನ್ನು ತಾವೇ ಕೊಯ್ಯಬಹುದೆಂಬ ಧೈರ್ಯ ಈ ವಸಂತದಲ್ಲಿ ಮರಳಿದೆ ಎನ್ನುತ್ತಾರೆ. ನೆರೆಮನೆಗಳ ಕಾಯಿಲೆ, ಸಾವು, ಮಕ್ಕಳ ಬಟ್ಟೆಬರೆ, ಸಾಬೂನು ತಯಾರಿ ಮುಗಿದ ಮೇಲೆ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪು ಮಾಡಿನೋಡುವ ಯೋಚನೆ, ಎಲ್ಲವೂ ಅದೇ ಪತ್ರದಲ್ಲಿವೆ.

ಇವುಗಳ ನಡುವೆಯೇ ಆ ಪ್ರಸಿದ್ಧ ಮಾತು ಬರುತ್ತದೆ. ಹೊಸ ದೇಶಕ್ಕೆ ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ, ಗಂಡಂದಿರ ಕೈಗೆ ಎಲ್ಲೆಯಿಲ್ಲದ ಅಧಿಕಾರ ಕೊಡಬೇಡಿ. ತಮ್ಮ ದನಿಗೆ ಎಡೆಯಿಲ್ಲದ ಕಾನೂನಿಗೆ ಹೆಂಗಸರೂ ತಲೆಬಾಗಲಾರರು ಎಂದು ಅಬಿಗೇಲ್ ಬರೆಯುತ್ತಾರೆ. ಇದು ನೇರವಾಗಿ ಮತದ ಹಕ್ಕಿನ ಬೇಡಿಕೆಯಲ್ಲ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಪ್ರತ್ಯೇಕ ಅಸ್ತಿತ್ವವೇ ಇರಲಿಲ್ಲ. ಆಕೆಯ ಹಣ, ದುಡಿಮೆ, ಆಸ್ತಿಯ ಆಡಳಿತ ಎಲ್ಲವೂ ಗಂಡನದು. ಹೊಲ, ಆಳು, ಸಾಲ, ಲೆಕ್ಕವನ್ನೆಲ್ಲ ನಿಭಾಯಿಸುತ್ತಿದ್ದವರಿಗೇ ಕಾನೂನಿನಲ್ಲಿ ಹೆಸರಿರಲಿಲ್ಲ. ಬ್ರಿಟನ್ನಿನ ದೊರೆಗೆ ವಸಾಹತುಗಳು ಹಾಕಿದ ಪ್ರಶ್ನೆಯನ್ನೇ ಅಬಿಗೇಲ್ ಮನೆಯ ಯಜಮಾನನಿಗೂ ಹಾಕಿದರು.

ಏಪ್ರಿಲ್ 14ರಂದು ಜಾನ್ ಉತ್ತರಿಸಿ, ಈ ಮಾತಿಗೆ ನಗು ಬಂತೆಂದೂ, ಗಂಡಸರು ಹೆಸರಿಗಷ್ಟೇ ಯಜಮಾನರೆಂದೂ ಹೇಳಿ ಹಾರಿಸಿಬಿಟ್ಟರು. ಅಬಿಗೇಲ್ ಸುಮ್ಮನಾಗಲಿಲ್ಲ. ಲೇಖಕಿ ಮರ್ಸಿ ಓಟಿಸ್ ವಾರನ್ ಅವರಿಗೆ ವಿಷಯ ತಿಳಿಸಿದರು. ಲೋಕಕ್ಕೆಲ್ಲ ಬಿಡುಗಡೆ ಸಾರುವವರು ಹೆಂಡಂದಿರ ಮೇಲಿನ ಹಿಡಿತ ಬಿಡುತ್ತಿಲ್ಲವೆಂದು ಮೇ 7ರಂದು ಪತಿಗೆ ಮತ್ತೆ ಬರೆದರು. ನಕ್ಕುಬಿಟ್ಟ ಜಾನ್ ಅವರಿಗೂ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಮೇ 26ರಂದು ಜೇಮ್ಸ್ ಸಲಿವನ್ ಎಂಬ ವಕೀಲರಿಗೆ ಬರೆದ ಪತ್ರದಲ್ಲಿ, ಜನರ ಒಪ್ಪಿಗೆಯೇ ಸರ್ಕಾರದ ಬುನಾದಿಯಾದರೆ ಹೆಂಗಸರನ್ನು ಹೊರಗಿಡುವುದು ಯಾವ ನ್ಯಾಯ ಎಂದು ತಾವೇ ಕೇಳಿಕೊಂಡರು. ಮತದಾರರ ಅರ್ಹತೆಯನ್ನು ಸಡಿಲಿಸಿದರೆ ಹೆಂಗಸರೂ ಮತದ ಹಕ್ಕು ಕೇಳುತ್ತಾರೆ, ಆದ್ದರಿಂದ ಸಡಿಲಿಸದಿರುವುದೇ ಕ್ಷೇಮ ಎಂದು ತೀರ್ಮಾನಿಸಿದರು.

ಜುಲೈನಲ್ಲಿ ಹೊರಬಿದ್ದ ಸ್ವಾತಂತ್ರ್ಯ ಘೋಷಣೆಯಲ್ಲಿ ಹೆಣ್ಣಿನ ಹಕ್ಕಿನ ಮಾತು ಇರಲಿಲ್ಲ. ನ್ಯೂಜೆರ್ಸಿಯಲ್ಲಿ ಮಾತ್ರ ಆಸ್ತಿಯಿದ್ದ ಒಂಟಿ ಹೆಂಗಸರು ಮತ ಹಾಕುವ ಅವಕಾಶ ಪಡೆದರು. 1807ರಲ್ಲಿ ಅದೂ ರದ್ದಾಯಿತು. ಲಿಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂದು ಸಂವಿಧಾನಕ್ಕೆ ತಿದ್ದುಪಡಿಯಾದದ್ದು 1920ರಲ್ಲಿ.

ಅಬಿಗೇಲ್ 1818ರಲ್ಲಿ ನಿಧನರಾದರು. ಪತಿ ದೇಶದ ಎರಡನೆಯ ಅಧ್ಯಕ್ಷರಾದರು, ಗುಡ್ಡದ ಮೇಲೆ ಜೊತೆಗಿದ್ದ ಮಗ ಆರನೆಯ ಅಧ್ಯಕ್ಷ. ಮೊಮ್ಮಗ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ 1840ರಲ್ಲಿ ಅಜ್ಜಿಯ ಪತ್ರಗಳನ್ನು ಪುಸ್ತಕವಾಗಿ ತಂದರು. ದಂಪತಿಯ ನಡುವೆ ಹರಿದಾಡಿದ 1,100ಕ್ಕೂ ಹೆಚ್ಚು ಪತ್ರಗಳು ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಉಳಿದಿವೆ. ಮಾರ್ಚ್ 31ರ ಪತ್ರ ಆಗ ಯಾವ ಕಾನೂನನ್ನೂ ಬದಲಿಸಲಿಲ್ಲ. ಆದರೆ ತನಗೆ ಬಿಡುಗಡೆ ಬೇಕೆನ್ನುವವನು ತನ್ನ ಕೈಕೆಳಗಿರುವವರಿಗೆ ಅದನ್ನು ಕೊಟ್ಟಿದ್ದಾನೆಯೇ ಎಂದು ಅದು ಸರಿಯಾದ ಹೊತ್ತಿಗೇ ಕೇಳಿತು. ಸ್ವಾತಂತ್ರ್ಯದ ಮಾತಾಡುವ ಯಾವ ಸಮಾಜಕ್ಕೂ, ಯಾವ ಮನೆಗೂ ಆ ಪ್ರಶ್ನೆ ಅನ್ವಯಿಸುತ್ತದೆ.