ಹುಣಸೆಯ ಹುಳಿಗೆ ಒಡೆಯರು ಯಾರು?



ಬೆಟ್ಟದ ತೊರೆಯ ನೀರು ಬಳಸುವ ಮನೆಗಳಿಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಒಂದು ನಿತ್ಯದ ಕಷ್ಟ ಅಷ್ಟಾಗಿ ಪರಿಚಯವಿರಲಾರದು. ವರ್ಷವಿಡೀ ಹರಿಯುವ ನದಿಯಿಲ್ಲದ ಆ ಸೀಮೆಯಲ್ಲಿ ಕೆರೆಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಆಳಕ್ಕಿಳಿದವು. ಬಂಡೆಗಳ ಬಿರುಕಿನಿಂದ ಬರುವ ನೀರು ಹಲವೆಡೆ ಗಡಸು. ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣದಂಶವು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಹಂಡೆಯ ಒಳಮೈಗೆ ಬಿಳಿಯ ಪೊರೆಗಟ್ಟುತ್ತದೆ. ಪೊರೆ ದಪ್ಪವಾದಷ್ಟೂ ಸೌದೆ ಹೆಚ್ಚು ಉರಿಯಬೇಕು.

ಈ ಪೊರೆಗೆ ಮದ್ದು ಹುಳಿ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲವಿದೆ. ಅಂಗಡಿಯ ಶೀಸೆಗಳಲ್ಲಿರುವುದೂ ಸಿಟ್ರಿಕ್, ಸಲ್ಫಾಮಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲದಂತಹ ಹುಳಿಯೇ. ಹಾಗಾದರೆ ಇಂತಹ ಮಿಶ್ರಣದ ಸೂತ್ರಕ್ಕೆ ಪೇಟೆಂಟ್ ಪಡೆದು, 20 ವರ್ಷಗಳ ಕಾಲ ಪರರಿಗೆ ಅದನ್ನು ನಿಷೇಧಿಸಬಹುದೇ?

ಲೋಹವನ್ನು ಆಮ್ಲದಿಂದ ರಕ್ಷಿಸುವ ನಿಜವಾದ ಹೊಸ ಸಂಯೋಜನೆಯನ್ನು ಕಂಡುಹಿಡಿದವರಿಗೆ ಆ ಹಕ್ಕು ದೊರೆಯಬಹುದು. ಆದರೆ 1970ರ ಪೇಟೆಂಟ್ ಕಾಯಿದೆಯ 3ನೆಯ ಕಲಮು ಎರಡು ಬೇಲಿಗಳನ್ನು ಹಾಕಿದೆ. ಬಿಡಿ ಪದಾರ್ಥಗಳ ಗುಣಗಳು ಕೂಡಿಕೊಂಡದ್ದಕ್ಕಿಂತ ಹೆಚ್ಚೇನೂ ಇಲ್ಲದ ಬರಿಯ ಬೆರಕೆ ಆವಿಷ್ಕಾರವಲ್ಲ; ಪಾರಂಪರಿಕ ಜ್ಞಾನವೂ ಆವಿಷ್ಕಾರವಲ್ಲ.

ಬೇಲಿಯಿದ್ದರೂ ಕಾವಲು ಬೇಕು. ಗಾಯ ಮಾಯಿಸುವ ಅರಿಸಿನದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಬರಹಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಬೇವಿನೆಣ್ಣೆಯ ಶಿಲೀಂಧ್ರನಾಶಕಕ್ಕೆ ಯುರೋಪಿನಲ್ಲಿ ನೀಡಿದ್ದ ಪೇಟೆಂಟ್ 2000ದಲ್ಲಿ ರದ್ದಾಗಿ, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಅರಿಸಿನದ ವ್ಯಾಜ್ಯದಲ್ಲಿ ಅಜ್ಜಿಯ ಬಾಯಿಮಾತು ಸಾಲುತ್ತಿರಲಿಲ್ಲ. ಪರದೇಶದ ಬಳಕೆಗೆ ಅಂದಿನ ಅಮೆರಿಕದ ಕಾನೂನು ಅಚ್ಚಿನ ಪುರಾವೆಯನ್ನೇ ಕೇಳುತ್ತಿತ್ತು.

ಭಾರತದ ಕಾಯಿದೆ ಈ ವಿಷಯದಲ್ಲಿ ಉದಾರವಾಗಿದೆ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ನೀಡುವ ಮುನ್ನ ಯಾರು ಬೇಕಾದರೂ ಲಿಖಿತವಾಗಿ ವಿರೋಧಿಸಬಹುದು ಎನ್ನುತ್ತದೆ 25ನೆಯ ಕಲಮು. ಸ್ಥಳೀಯ ಸಮುದಾಯದ ಬಾಯಿಮಾತಿನ ಅರಿವನ್ನೂ ಅದು ಆಧಾರವೆಂದು ಒಪ್ಪುತ್ತದೆ. ಆದರೆ ಆ ಅರಿವು ಇತ್ತೆಂದು ತೋರಿಸುವವರು ಬೇಕಲ್ಲವೇ? ಬಲ್ಲ ಹಿರಿಯರು ಕಣ್ಮರೆಯಾದರೆ ಸಾಕ್ಷಿಯೂ ಅವರೊಡನೆ ಮರೆಯಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಸರಳ. ಹಂಡೆ ಬೆಳಗುವ ಹುಳಿಯಿಂದ ಹಿಡಿದು ಸೀಗೆ, ಅಂಟುವಾಳಗಳವರೆಗೆ ಹಿರಿಯರ ಬಳಕೆಯನ್ನು ಅವರ ಒಪ್ಪಿಗೆ ಪಡೆದು, ಊರು ಮತ್ತು ದಿನಾಂಕದೊಡನೆ ಬರೆದಿಡಲಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಯ ಸಮಿತಿ ಸಿದ್ಧಪಡಿಸುವ ದಾಖಲೆಯಲ್ಲಿ ಅದು ಸೇರಲಿ. ಹುಣಸೆಯ ಹುಳಿಗೆ ಊರೇ ಒಡೆಯ ಎನ್ನಲು ಊರಿನ ಕೈಬರಹವೇ ಪತ್ರವಾಗಲಿ.